ಡೀಸೆಲ್ ಸೋರಿದ ನೆಲ, ಕ್ರೋಮಿಯಂ ಇಳಿದ ಮೂಲೆ: ಒಂದು ಜಾಗದ ಮಣ್ಣು ಶುದ್ಧ ಮಾಡಿದ ಪೂರ್ತಿ ವಿವರ

ಹಳೆಯ ಕಾರ್ಖಾನೆಯೊಂದರ ಆವರಣ. ಒಂದು ಬದಿಯಲ್ಲಿ ನೆಲದಡಿಯ ಟ್ಯಾಂಕಿನಿಂದ ಡೀಸೆಲ್ ಸೋರಿತ್ತು. ಇನ್ನೊಂದು ಮೂಲೆಯಲ್ಲಿ ಲೋಹಕ್ಕೆ ಕ್ರೋಮ್ ಲೇಪಿಸುವ ಶೆಡ್ ಇತ್ತು. ಆ ಮಣ್ಣನ್ನು ಶುದ್ಧ ಮಾಡುವ ಕೆಲಸ ಈಗಷ್ಟೇ ಮುಗಿದು, ಅಂತಿಮ ವರದಿಗೆ ಒಪ್ಪಿಗೆ ಸಿಕ್ಕಿದೆ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಎಲ್ಲಿ ಕಾಯಬೇಕಾಗುತ್ತದೆ, ಎಲ್ಲಿ ದುಡ್ಡು ಕರಗುತ್ತದೆ, ಯಾವ ಕಾಗದ ಮುಂಚೆಯೇ ಕೈಯಲ್ಲಿರಬೇಕು ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ಗೊಂದಲ ತಪ್ಪುತ್ತದೆ. ಅದಕ್ಕಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇವೆ. ಪ್ರತಿ ಹಂತದಲ್ಲೂ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಮಣ್ಣಿನಿಂದ ಹೋದ ವಿಷ ಎಲ್ಲಿಗೆ ಹೋಯಿತು? ನಾಶವಾಯಿತೇ, ಮಣ್ಣಲ್ಲೇ ಕರಗದಂತೆ ಕಟ್ಟಿಬಿದ್ದಿತೇ, ಇಲ್ಲವೇ ಗಾಳಿಗೋ ನೀರಿಗೋ ಇನ್ನೊಬ್ಬರ ನೆಲಕ್ಕೋ ದಾಟಿತೇ? ಇದಕ್ಕೆ ಉತ್ತರ ಹೇಳದ ಯಾವ ವಿಧಾನವನ್ನೂ ನಂಬಬೇಡಿ.

ಕೆಲಸ ಶುರುವಾಗಿದ್ದು ಕಡತಗಳಿಂದ. ಕಟ್ಟಡದ ಹಳೆಯ ನಕ್ಷೆ, ಟ್ಯಾಂಕ್ ಹೂಳಿದ ದಾಖಲೆ, ಇಂಧನದ ದಾಸ್ತಾನು ಪುಸ್ತಕ, ಚರಂಡಿ ಮತ್ತು ವಿದ್ಯುತ್ ಕೇಬಲ್‌ಗಳ ನಕ್ಷೆ ಇಷ್ಟನ್ನು ಮೊದಲು ಹುಡುಕಿ. ದಾಸ್ತಾನು ಪುಸ್ತಕದಲ್ಲಿ ತುಂಬಿಸಿದ್ದಕ್ಕೂ ಬಳಸಿದ್ದಕ್ಕೂ ಲೆಕ್ಕ ತಾಳೆಯಾಗದೆ ಉಳಿದ ತಿಂಗಳುಗಳೇ ಸೋರಿಕೆಯ ಮೊದಲ ಸುಳಿವು. ಟ್ಯಾಂಕಿನ ಮೈ ತೂತಾಗಿರುವ ಸಾಧ್ಯತೆಯಷ್ಟೇ, ಅದಕ್ಕಿಂತ ಹೆಚ್ಚಾಗಿಯೂ, ಪೈಪಿನ ಸಂದುಗಳಲ್ಲಿ ಜಿನುಗಿರುವ ಮತ್ತು ತುಂಬಿಸುವ ಬಾಯಿಯ ಬಳಿ ಚೆಲ್ಲಿರುವ ಸಾಧ್ಯತೆ ಇರುತ್ತದೆ. ಹೀಗಾಗಿ ಟ್ಯಾಂಕಿನ ಸುತ್ತ ಮಾತ್ರ ನೋಡಿದರೆ ಸಾಲದು; ಪೈಪ್ ಸಾಗಿದ ದಾರಿಯುದ್ದಕ್ಕೂ ನೋಡಬೇಕು. ಅಲ್ಲಿ ದುಡಿದ ಹಳಬರನ್ನು ಕೂರಿಸಿಕೊಂಡು ತೊಳೆದ ನೀರನ್ನು ಎಲ್ಲಿ ಚೆಲ್ಲುತ್ತಿದ್ದರು ಎಂದು ಕೇಳಿ. ನಕ್ಷೆಯಲ್ಲಿಲ್ಲದ ಇಂಗುಗುಂಡಿಯ ವಿಷಯ ಹೊರಬಂದಿದ್ದು ಅಂಥ ಮಾತಿನಿಂದಲೇ. ಕ್ರೋಮ್ ಶೆಡ್ಡಿನಲ್ಲಿ ಕಣ್ಣಿಗೇ ಕಾಣುವ ಗುರುತೂ ಇರುತ್ತದೆ: ಒಣ ಹವೆಯಲ್ಲಿ ಗೋಡೆಯ ಬುಡದಲ್ಲಿ ಹಳದಿ ಉಪ್ಪಿನಂಥ ಪೊರೆ ಮೂಡುತ್ತದೆ. ನೆಲದ ತೇವ ಮೇಲೇರಿ ಆರಿದಾಗ ಉಳಿಯುವ ಕ್ರೋಮೇಟ್ ಅದು. ಬರಿಗೈಯಲ್ಲಿ ಮುಟ್ಟಬೇಡಿ, ಕೆರೆದು ದೂಳು ಎಬ್ಬಿಸಬೇಡಿ. ಕ್ರೋಮೇಟ್‌ನಲ್ಲಿರುವುದು ಕ್ರೋಮಿಯಂ-6, ಅಂದರೆ ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ. ಉಸಿರಿನಲ್ಲಿ ಒಳಹೋದರೆ ಅದು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಎಲ್ಲಿ, ಎಷ್ಟು ಆಳಕ್ಕೆ ಮಾದರಿ ತೆಗೆಯಬೇಕು ಎಂಬುದನ್ನು ಆಯಾ ರಾಸಾಯನಿಕದ ಸ್ವಭಾವವೇ ನಿರ್ಧರಿಸುತ್ತದೆ. ಡೀಸೆಲ್ ನೀರಿಗಿಂತ ಹಗುರ. ಮಣ್ಣಿನ ರಂಧ್ರಗಳಲ್ಲಿ ಇಳಿಯುತ್ತಾ ಹೋಗಿ ಅಂತರ್ಜಲದ ಮೇಲ್ಮೈ ಮುಟ್ಟಿದಾಗ ಅಲ್ಲಿ ನಿಂತು ಅಡ್ಡಡ್ಡ ಹರಡುತ್ತದೆ. ಮಳೆಗಾಲದಲ್ಲಿ ನೀರು ಏರಿ ಬೇಸಿಗೆಯಲ್ಲಿ ಇಳಿದಂತೆಲ್ಲ ಎಣ್ಣೆಯೂ ಮೇಲೆ ಕೆಳಗೆ ಓಡಾಡಿ, ಆ ಎರಡು ಮಟ್ಟಗಳ ನಡುವಿನ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ. ಮೇಲಿನ ಒಂದು ಮೀಟರ್ ಮಣ್ಣು ಶುದ್ಧವಾಗಿ ಕಂಡು ಮೂರನೇ ಮೀಟರಿನಲ್ಲಿ ಗಬ್ಬೆಂದು ನಾರುವುದು ಇದರಿಂದಲೇ. ಕ್ರೋಮಿಯಂ-6 ಹಾಗಲ್ಲ. ಅದು ಋಣ ವಿದ್ಯುದಂಶದ ಕ್ರೋಮೇಟ್ ಆಗಿ ನೀರಿನಲ್ಲಿ ಕರಗಿ ನೀರು ಹೋದಲ್ಲಿಗೆ ಹೋಗುತ್ತದೆ. ಮಣ್ಣಿನ ಕಣಗಳೂ ಬಹುಪಾಲು ಋಣಾಂಶದವೇ ಆದ್ದರಿಂದ ಅದನ್ನು ಹಿಡಿದಿಡುವ ಶಕ್ತಿ ಕಡಿಮೆ. ಇನ್ನು ಗೋಡೆಯ ಹಳೆಯ ಬಣ್ಣ ಉದುರಿದ ಕಡೆ ಸಿಗುವ ಸೀಸ ಸಾಮಾನ್ಯವಾಗಿ ಮೇಲಿನ 15–20 ಸೆಂ.ಮೀ. ಬಿಟ್ಟು ಇಳಿಯುವುದಿಲ್ಲ. ಒಂದೇ ಆಳದಿಂದ ಎಲ್ಲ ಮಾದರಿ ತೆಗೆದುಕೊಟ್ಟು ವರದಿ ಬರೆಯುವವರು ಇದ್ದಾರೆ. ಅಂಥ ವರದಿಗೆ ಕೊಟ್ಟ ಹಣ ನೀರಿಗೆ ಹಾಕಿದಂತೆ.

ಸೀಸಕ್ಕೆ 0–15 ಮತ್ತು 15–30 ಸೆಂ.ಮೀ.; ಕ್ರೋಮಿಯಂ ಮತ್ತು ಡೀಸೆಲ್‌ಗೆ ಪ್ರತಿ ಅರ್ಧ ಮೀಟರಿಗೊಂದರಂತೆ ನೀರಿನ ಮಟ್ಟದವರೆಗೆ, ಜೊತೆಗೆ ಬಣ್ಣ ಅಥವಾ ವಾಸನೆ ಬದಲಾದ ಪ್ರತಿ ಪದರದಿಂದ ಮಾದರಿ ತೆಗೆಯಲಾಯಿತು. ಕೈಯಿಂದ ತಿರುಗಿಸಿ ನೆಲ ಕೊರೆಯುವ ಆಗರ್ ಜೇಡಿಮಣ್ಣಿನಲ್ಲಿ ಎರಡು ಮೀಟರ್ ದಾಟುವುದು ಕಷ್ಟ. ಅದರಾಚೆಗೆ ಯಂತ್ರವೇ ಬೇಕು. ಡೀಸೆಲ್ ಮಾದರಿಗೆ ಗಾಜಿನ ಜಾಡಿ, ಮುಚ್ಚಳದೊಳಗೆ ಟೆಫ್ಲಾನ್ ಪದರ. ಪ್ಲಾಸ್ಟಿಕ್ ಚೀಲ ಎಣ್ಣೆಯಂಶವನ್ನು ಹೀರುತ್ತದೆ, ಹೊರಕ್ಕೂ ಬಿಡುತ್ತದೆ. ಜಾಡಿಯಲ್ಲಿ ಗಾಳಿಗೆ ಜಾಗ ಉಳಿಯದಂತೆ ಒತ್ತಿ ತುಂಬಿ, 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಪೆಟ್ಟಿಗೆಯಲ್ಲಿಡಬೇಕು. ಪ್ರತಿ ಗುಂಡಿಯ ನಡುವೆ ಆಗರನ್ನು ಸಾಬೂನು ನೀರಿನಲ್ಲಿ ತೊಳೆದು ಶುದ್ಧ ನೀರಿನಲ್ಲಿ ಜಾಲಾಡಬೇಕು, ಕೈಗವಸು ಬದಲಿಸಬೇಕು. ಹತ್ತಕ್ಕೊಂದರಂತೆ ಜೋಡಿ ಮಾದರಿ ತೆಗೆದು, ಬೇರೆ ಹೆಸರು ಬರೆದು ಲ್ಯಾಬಿಗೆ ಕಳಿಸಿ. ಎರಡು ಅಂಕಿಗಳ ನಡುವೆ ಅಜಗಜಾಂತರ ಬಂದರೆ ನೆಲವೇ ಅಷ್ಟು ಏರುಪೇರಾಗಿದೆಯೋ ಲ್ಯಾಬಿನ ಕೆಲಸ ಸಡಿಲವೋ ಎಂದು ಆಗಲೇ ವಿಚಾರಿಸಬಹುದು.

ವಾಸನೆ ಹಿಡಿಯುವ ಪಿಐಡಿ ಮೀಟರನ್ನು ಡೀಸೆಲ್ ವಿಷಯದಲ್ಲಿ ಪೂರ್ತಿ ನೆಚ್ಚಬೇಡಿ. ಪೆಟ್ರೋಲಿನ ಬೆಂಜೀನ್, ಟಾಲುಯೀನ್‌ಗಳಿಗೆ ಅದು ಚುರುಕು. ಹಳೆಯ ಡೀಸೆಲ್ ಹೆಚ್ಚು ಆವಿಯಾಗದ ಕಾರಣ ಅಂಕಿ ಕಡಿಮೆ ತೋರಿಸುತ್ತದೆ. ಎಕ್ಸ್-ಕಿರಣದಿಂದ ಲೋಹ ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಸೀಸಕ್ಕೆ ಅನುಕೂಲ, ಆದರೆ ಮಣ್ಣಿನ ತೇವ ಶೇ. 20 ದಾಟಿದರೆ ಅಂಕಿ ಇಳಿಯುತ್ತದೆ. ಅಲ್ಲದೆ ಅದು ಒಟ್ಟು ಕ್ರೋಮಿಯಂ ಎಷ್ಟೆಂದು ಹೇಳುತ್ತದೆಯೇ ಹೊರತು ಅದರಲ್ಲಿ ಕ್ರೋಮಿಯಂ-6 ಎಷ್ಟು, ಅಷ್ಟೇನೂ ಅಪಾಯವಿಲ್ಲದ ಕ್ರೋಮಿಯಂ-3 ಎಷ್ಟು ಎಂದು ಹೇಳುವುದಿಲ್ಲ.

ಲ್ಯಾಬಿಗೆ ಕೊಡುವ ಪಟ್ಟಿಯನ್ನು ನೀವೇ ಬರೆಯಿರಿ. ಬರೀ 'ಕ್ರೋಮಿಯಂ' ಎಂದು ಬರೆದರೆ ಮಣ್ಣನ್ನು ಆಮ್ಲದಲ್ಲಿ ಕರಗಿಸಿ ಒಟ್ಟು ಅಂಕಿ ಕೊಡುತ್ತಾರೆ. ಆಮ್ಲದಲ್ಲಿ ಕ್ರೋಮಿಯಂ-6 ತಾನಾಗಿ ಕ್ರೋಮಿಯಂ-3 ಆಗಿಬಿಡುತ್ತದೆ, ಆ ದ್ರಾವಣದಲ್ಲಿ ಮತ್ತೆ ಹುಡುಕಿದರೆ ಸಿಗುವುದಿಲ್ಲ. 'ಕ್ಷಾರದಲ್ಲಿ ಕರಗಿಸಿ ಕ್ರೋಮಿಯಂ-6 ಅಳೆಯಿರಿ' ಎಂದು ಸ್ಪಷ್ಟವಾಗಿ ಬರೆಯಬೇಕು. ಡೀಸೆಲ್‌ಗೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಅಂದರೆ ಟಿಪಿಎಚ್, ಜೊತೆಗೆ ಡೀಸೆಲ್ಲಿನ ವಿಷಕಾರಿ ಉಂಗುರ ಸಂಯುಕ್ತಗಳಾದ, ನ್ಯಾಫ್ತಲೀನ್‌ನಂಥ ಪಿಎಎಚ್‌ಗಳು. ಮಾದರಿಯ ಆಯಸ್ಸನ್ನೂ ನೆನಪಿಡಿ: ಟಿಪಿಎಚ್ ಮಾದರಿಯನ್ನು 14 ದಿನದೊಳಗೆ, ಕ್ರೋಮಿಯಂ-6 ಮಾದರಿಯನ್ನು 30 ದಿನದೊಳಗೆ ಲ್ಯಾಬ್ ದ್ರಾವಣಕ್ಕಿಳಿಸಿರಬೇಕು. ತಡವಾದ ಮಾದರಿಯ ಫಲಿತಾಂಶವನ್ನು ಪರಿಶೀಲಿಸುವ ಕಚೇರಿ ತಿರಸ್ಕರಿಸಿದರೆ ಎಲ್ಲ ಮೊದಲಿನಿಂದ. ಯಾರ ಕೈಯಿಂದ ಯಾರ ಕೈಗೆ, ಯಾವ ಹೊತ್ತಿಗೆ ಮಾದರಿ ಹೋಯಿತು ಎಂಬ ಹಸ್ತಾಂತರ ಪತ್ರಕ್ಕೆ ಪ್ರತಿ ಬಾರಿಯೂ ಸಹಿ ಇರಲಿ. ವರದಿಯ ಅಂಕಿ ಒಣ ತೂಕದ ಮೇಲಿನದೇ ಎಂದೂ ಕೇಳಿಕೊಳ್ಳಿ. ಶೇ. 20 ತೇವದ ಮಣ್ಣಿನಲ್ಲಿ ಹಸಿ ತೂಕಕ್ಕೆ ಕಿಲೋಗೆ 800 ಮಿಲಿಗ್ರಾಂ ಬಂದರೆ ಒಣ ತೂಕಕ್ಕೆ ಅದು 1000. ಗುರಿಯ ಅಂಕಿಯ ಹತ್ತಿರದಲ್ಲಿರುವಾಗ ಈ ವ್ಯತ್ಯಾಸವೇ ಪಾಸು-ನಪಾಸು ನಿರ್ಧರಿಸುತ್ತದೆ.

ಫಲಿತಾಂಶಕ್ಕೆ ಕಾಯುವ ದಿನಗಳು ಸಹಿಸಲಾಗದಷ್ಟು ಉದ್ದ. ಮೊದಲ ಸುತ್ತಿನ ವರದಿ ಬಂದಾಗ ಅಂಚಿನ ಗುಂಡಿಗಳಲ್ಲೂ ಡೀಸೆಲ್ ಸಿಕ್ಕಿತ್ತು. ಮಾಲಿನ್ಯದ ಗಡಿ ಇನ್ನೂ ಆಚೆಗಿದೆ ಎಂದರ್ಥ. ಎದೆ ಧಸಕ್ಕೆಂದ ಗಳಿಗೆ ಅದು, ಯಾಕೆಂದರೆ ಪಕ್ಕದವರ ಬಾವಿ ಅದೇ ದಿಕ್ಕಿನಲ್ಲಿತ್ತು. ಕೂಡಲೇ ಅವರಿಗೆ ತಿಳಿಸಿ ಬಾವಿ ನೀರು ಪರೀಕ್ಷೆಗೆ ಕಳಿಸಿದೆವು. ಶುದ್ಧವಿದೆ ಎಂದು ಬಂದ ಮೇಲೆಯೇ ನೆಮ್ಮದಿ. ಇಂಥ ಸಂಗತಿಯನ್ನು ವರದಿ ಪೂರ್ತಿಯಾಗಲಿ ಎಂದು ಮುಚ್ಚಿಡಬಾರದು, ಆ ನೀರು ಕುಡಿಯುವವರು ಇರುತ್ತಾರೆ. ಎರಡನೇ ಸುತ್ತಿನ ಮಾದರಿಗೆ ಮೊದಲೇ ಹಣ ಎತ್ತಿಡಿ. ಒಂದೇ ಸುತ್ತಿನಲ್ಲಿ ಗಡಿ ಸಿಗುವುದು ಅಪರೂಪ, ಗಡಿ ಗೊತ್ತಿಲ್ಲದೆ ಅಗೆಯಲು ಹೊರಟರೆ ಖರ್ಚಿಗೆ ತಳವೇ ಇರುವುದಿಲ್ಲ.

ಗಡಿ ಗೊತ್ತಾದ ಮೇಲೆ ಶುದ್ಧೀಕರಣದ ಯೋಜನೆ ಬರೆದು ಒಪ್ಪಿಗೆಗೆ ಕೊಡಬೇಕು. ಎಷ್ಟು ಅಂಕಿಗೆ ಇಳಿಸಿದರೆ ಸಾಕು ಎಂಬುದು ಆ ನೆಲದಲ್ಲಿ ಮುಂದೆ ಮನೆ ಬರುತ್ತದೋ ಗೋದಾಮು ಬರುತ್ತದೋ ಎಂಬುದರ ಮೇಲಿದೆ. ಆ ಗುರಿಯನ್ನು ಅಗೆಯುವ ಮೊದಲೇ ಲಿಖಿತವಾಗಿ ಪಡೆಯಿರಿ. ಬಾಯಿಮಾತಿನ ಗುರಿ ನಡುವೆ ಬದಲಾಗುತ್ತದೆ.

ವಿಧಾನದ ಆಯ್ಕೆಯಲ್ಲಿ ಹಲವು ದಾರಿಗಳು ಮುಂದೆ ಬಂದವು. ಎಲ್ಲವನ್ನೂ ಲಾರಿಗೆ ತುಂಬಿ ಅಪಾಯಕಾರಿ ತ್ಯಾಜ್ಯದ ಗುಂಡಿಗೆ ಸಾಗಿಸುವುದು ಎಲ್ಲಕ್ಕಿಂತ ಬೇಗ ಮುಗಿಯುವ ದಾರಿ. ಆದರೆ ವಿಷ ಜಾಗ ಬದಲಿಸಿತಷ್ಟೇ, ತೂಕದ ಲೆಕ್ಕದಲ್ಲಿ ಕೊಡುವ ಶುಲ್ಕವೂ ಭಾರಿ. ಮಣ್ಣು ತೊಳೆಯುವ ವಿಧಾನ ಮರಳು ನೆಲಕ್ಕೆ ಸರಿ. ವಿಷವೆಲ್ಲ ನುಣ್ಣನೆಯ ಕಣಗಳಿಗೆ ಅಂಟಿರುವುದರಿಂದ ಜೇಡಿ ಹೆಚ್ಚಿದ್ದಲ್ಲಿ ಕೊನೆಗೆ ಕೆಸರೇ ಉಳಿಯುತ್ತದೆ. ಕಾಯಿಸಿ ಎಣ್ಣೆ ಹೊರಡಿಸುವುದಕ್ಕೆ ಇಂಧನ ಬಹಳ ಬೇಕು, ಹೊರಟ ಆವಿಯನ್ನು ಹಿಡಿದು ಸುಡುವ ವ್ಯವಸ್ಥೆಯೂ ಬೇಕು. ಗಿಡ ಬೆಳೆಸಿ ವಿಷ ಹೀರಿಸುವ ಮಾತನ್ನು ಬಹಳ ಜನ ಆಸೆಯಿಂದ ಎತ್ತುತ್ತಾರೆ. ಆರ್ಸೆನಿಕ್ ಹೀರುವ ಟೆರಿಸ್ ವಿಟ್ಟಾಟ ಎಂಬ ಜರಿಗಿಡದ ಶಕ್ತಿ ನಿಜ, 2001ರಲ್ಲಿ ಅದು ಪ್ರಕಟವಾಯಿತು. ಆದರೆ ಬೇರು ಮುಟ್ಟುವ ಆಳದವರೆಗೆ ಮಾತ್ರ ಕೆಲಸ, ಅದಕ್ಕೂ ವರ್ಷಗಟ್ಟಲೆ ಬೇಕು, ಕಟಾವು ಮಾಡಿದ ಗಿಡವನ್ನು ವಿಷದ ತ್ಯಾಜ್ಯವಾಗಿಯೇ ವಿಲೇವಾರಿ ಮಾಡಬೇಕು. ಮೂರು ಮೀಟರ್ ಆಳದ ಡೀಸೆಲ್‌ಗೆ ಅದು ಮದ್ದಲ್ಲ.

ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಪರ್‌ಸಲ್ಫೇಟ್ ಸುರಿದು ಡೀಸೆಲನ್ನು ಅಲ್ಲೇ ಉರಿಸಿಬಿಡೋಣ ಎಂಬ ಸಲಹೆಯೂ ಬಂತು. ಇಲ್ಲಿ ಎಚ್ಚರ. ಅವು ಪ್ರಬಲ ಉತ್ಕರ್ಷಕಗಳು, ಅಂದರೆ ಬೇರೆ ವಸ್ತುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ರಾಸಾಯನಿಕಗಳು. ಮಣ್ಣಿನಲ್ಲಿ ತಣ್ಣಗೆ ಕೂತ ಕ್ರೋಮಿಯಂ-3 ಅನ್ನು ಮತ್ತೆ ಕ್ರೋಮಿಯಂ-6 ಮಾಡಬಲ್ಲವು. ಎರಡೂ ಇರುವ ಆವರಣದಲ್ಲಿ ಒಂದರ ಔಷಧ ಇನ್ನೊಂದಕ್ಕೆ ವಿಷವಾಗುತ್ತದೆ. ಆದ್ದರಿಂದ ಡೀಸೆಲ್ ಮಣ್ಣನ್ನು ಅಗೆದು ರಾಶಿ ಹಾಕಿ ಸೂಕ್ಷ್ಮಾಣುಗಳಿಂದ ತಿನ್ನಿಸುವುದು, ಕ್ರೋಮಿಯಂ ಮೂಲೆಯನ್ನು ಕಬ್ಬಿಣದ ಉಪ್ಪಾದ ಫೆರಸ್ ಸಲ್ಫೇಟ್‌ನಿಂದ ಕಟ್ಟಿಹಾಕುವುದು, ಸೀಸದ ಮೇಲ್ಪದರವನ್ನು ಕೆರೆದು ಸಾಗಿಸುವುದು ಎಂದು ತೀರ್ಮಾನವಾಯಿತು.

ಅಗೆತದಲ್ಲಿ ಮೊದಲು ಟ್ಯಾಂಕಿನ ಉಳಿಕೆ ಎಣ್ಣೆ ಖಾಲಿ ಮಾಡಿಸಿ, ಆವಿ ಹೊರಹಾಕಿ, ಒಳಗೆ ಸ್ಫೋಟಕ ಅನಿಲವಿಲ್ಲವೆಂದು ಅಳೆದ ಮೇಲೆಯೇ ಎತ್ತಬೇಕು. ಆನಿಕೆಯಿಲ್ಲದ ಆಳದ ಗುಂಡಿಗೆ ಯಾರೂ ಇಳಿಯಕೂಡದು. ಗುಂಡಿಯ ಮಾದರಿಯನ್ನು ಜೆಸಿಬಿಯ ಬಕೆಟಿನಿಂದಲೇ ತೆಗೆಯಿರಿ. ಅಗೆದ ಮಣ್ಣು ಶೇ. 20–30ರಷ್ಟು ಉಬ್ಬುತ್ತದೆ. ನಕ್ಷೆಯಲ್ಲಿ ಲೆಕ್ಕ ಹಾಕಿದ ಘನ ಮೀಟರಿಗೆ ತಕ್ಕಂತೆ ಜಾಗ, ಲಾರಿ, ಟಾರ್ಪಾಲು ಹೊಂದಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಶುದ್ಧ ಮಣ್ಣು, ಅನುಮಾನದ ಮಣ್ಣು, ನಾರುವ ಮಣ್ಣು ಮೂರನ್ನೂ ಬೇರೆ ಬೇರೆ ಹಾಳೆಯ ಮೇಲೆ ಸುರಿಯಿರಿ. ಬೆರೆಸಿ ಅಂಕಿ ಇಳಿಸುವುದು ಶುದ್ಧೀಕರಣವಲ್ಲ, ಅದು ವಿಷವನ್ನು ಹೆಚ್ಚು ಮಣ್ಣಿಗೆ ಹಂಚುವ ಕೆಲಸ.

ರಾಶಿಗೆ ತಳದಲ್ಲಿ ದಪ್ಪ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಹಾಳೆ, ಸುತ್ತ ಬದು, ಒಂದು ಕಡೆಗೆ ಇಳಿಜಾರು, ಬಸಿದ ನೀರು ಸೇರಲು ತೊಟ್ಟಿ. ಹಾಳೆಯ ಮೇಲೆ ಜಲ್ಲಿ, ಅದರೊಳಗೆ ತೂತು ಕೊರೆದ ಪಿವಿಸಿ ಪೈಪುಗಳು, ಪೈಪಿಗೆ ಬ್ಲೋವರ್. ಎತ್ತರ ಒಂದೂವರೆಯಿಂದ ಎರಡು ಮೀಟರ್ ಸಾಕು. ಹೆಚ್ಚಾದರೆ ತಳದ ಮಣ್ಣು ಅದುಮಿಕೊಂಡು ಗಾಳಿ ಆಡುವುದಿಲ್ಲ. ಟಿಪಿಎಚ್ ಕಿಲೋಗೆ 50,000 ಮಿಲಿಗ್ರಾಂ ದಾಟಿದ್ದರೆ, ಇಲ್ಲವೇ ಭಾರಲೋಹಗಳು ಒಟ್ಟು 2,500 ದಾಟಿದ್ದರೆ ಸೂಕ್ಷ್ಮಾಣುಗಳೇ ತತ್ತರಿಸುತ್ತವೆ. ಆಮ್ಲ-ಕ್ಷಾರದ ಮಟ್ಟ ತೋರಿಸುವ ಪಿಎಚ್ 6ರಿಂದ 8ರೊಳಗೆ ಇರಬೇಕು.

ಗೊಬ್ಬರದ ಲೆಕ್ಕವನ್ನು ಬಿಡಿಸಿ ಹೇಳುವುದು ಒಳ್ಳೆಯದು. ನೆಲದಲ್ಲಿದ್ದಾಗ ನೂರು ಘನ ಮೀಟರ್ ಇದ್ದ ಮಣ್ಣಿನ ತೂಕ ಸುಮಾರು 160 ಟನ್. ಟಿಪಿಎಚ್ ಕಿಲೋಗೆ 5,000 ಮಿಲಿಗ್ರಾಂ ಎಂದರೆ ಟನ್ನಿಗೆ 5 ಕಿಲೋ, ಒಟ್ಟು 800 ಕಿಲೋ ಎಣ್ಣೆ. ಅದರಲ್ಲಿ ಇಂಗಾಲ ಶೇ. 85, ಅಂದರೆ 680 ಕಿಲೋ. ಇಂಗಾಲ, ಸಾರಜನಕ, ರಂಜಕದ ಅನುಪಾತ 100:10:1 ಇಟ್ಟರೆ 68 ಕಿಲೋ ಸಾರಜನಕ, 6.8 ಕಿಲೋ ರಂಜಕ ಬೇಕು. 34 ಕಿಲೋ ಡಿಎಪಿ ರಂಜಕವನ್ನು ಪೂರೈಸಿ 6 ಕಿಲೋ ಸಾರಜನಕವನ್ನೂ ಕೊಡುತ್ತದೆ. ಉಳಿದದ್ದಕ್ಕೆ 135 ಕಿಲೋ ಯೂರಿಯಾ. ಇದಿಷ್ಟನ್ನೂ ಒಂದೇ ಸಲ ಸುರಿದರೆ ಕೆಡುತ್ತದೆ. ಶೇ. 15 ತೇವದ ಆ ರಾಶಿಯಲ್ಲಿರುವ ನೀರು 24 ಟನ್ ಮಾತ್ರ; 68 ಕಿಲೋ ಸಾರಜನಕ ಅದರಲ್ಲಿ ಕರಗಿದರೆ ಲೀಟರಿಗೆ 2,800 ಮಿಲಿಗ್ರಾಂ. ಆ ಉಪ್ಪಿಗೆ ಸೂಕ್ಷ್ಮಾಣುಗಳು ಒಣಗಿದಂತಾಗುತ್ತವೆ, ಅಮೋನಿಯಾ ವಾಸನೆಯೂ ಏಳುತ್ತದೆ. ನಾಲ್ಕು ಕಂತಿನಲ್ಲಿ, ನೀರಿನಲ್ಲಿ ಕರಗಿಸಿ ಕೊಡಿ. 100:10:1 ಎಂಬುದು ಮೇಲಿನ ಮಿತಿ ಎಂದೇ ತಿಳಿಯಿರಿ. ಮಣ್ಣಿನ ಸಾರಜನಕವನ್ನು ಅಳೆಯುತ್ತಾ ಹೋದರೆ ಕೊನೆಯ ಕಂತು ಬೇಡವಾಗಬಹುದು.

ಗೊಬ್ಬರಕ್ಕಿಂತ ಮುಖ್ಯ ಗಾಳಿ. ಒಂದು ಕಿಲೋ ಎಣ್ಣೆಯನ್ನು ಸೂಕ್ಷ್ಮಾಣುಗಳು ಪೂರ್ತಿ ಜೀರ್ಣಿಸಲು ಸುಮಾರು ಮೂರೂವರೆ ಕಿಲೋ ಆಮ್ಲಜನಕ ಬೇಕು. 800 ಕಿಲೋಗೆ 2,800 ಕಿಲೋ ಆಮ್ಲಜನಕ, ಅಂದರೆ ಹತ್ತು ಸಾವಿರ ಘನ ಮೀಟರ್ ಗಾಳಿ. ರಾಶಿಯ ರಂಧ್ರಗಳಲ್ಲಿ ಒಮ್ಮೆಗೆ ಹಿಡಿಯುವುದು 30 ಘನ ಮೀಟರಿನಷ್ಟು. ಮಣ್ಣನ್ನು ಸುಮ್ಮನೆ ಗುಡ್ಡೆ ಹಾಕಿ ಟಾರ್ಪಾಲು ಹೊದಿಸಿ 'ತಾನಾಗಿ ಆಗುತ್ತದೆ' ಎನ್ನುವವರ ರಾಶಿ ವರ್ಷವಾದರೂ ಹಾಗೆಯೇ ನಾರುವುದು ಈ ಲೆಕ್ಕದಿಂದ. ರಾಶಿಯೊಳಗಿನ ಗಾಳಿಯಲ್ಲಿ ಆಮ್ಲಜನಕ ಶೇ. 5ಕ್ಕಿಂತ ಇಳಿಯಬಾರದು. ಬ್ಲೋವರ್ ಗಾಳಿಯನ್ನು ರಾಶಿಯಿಂದ ಹೊರಕ್ಕೆ ಎಳೆಯುವಂತೆ ಜೋಡಿಸಿ, ಆ ಗಾಳಿಯನ್ನು ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಿ. ಇಲ್ಲವಾದರೆ ಹಗುರ ಅಂಶಗಳು ಸೂಕ್ಷ್ಮಾಣುಗಳ ಬಾಯಿಗೆ ಬೀಳುವ ಮೊದಲೇ ಅಕ್ಕಪಕ್ಕದವರ ಮೂಗಿಗೆ ಹೋಗುತ್ತವೆ. ಬ್ಲೋವರ್ ನಿಲ್ಲಿಸಿ ಆಮ್ಲಜನಕ ಎಷ್ಟು ಬೇಗ ಇಳಿಯುತ್ತದೆಂದು ನೋಡಿ: ಬೇಗ ಇಳಿದರೆ ಕೆಲಸ ನಡೆದಿದೆ. ಇಳಿಯದೇ ನಿಂತರೆ ತೇವವನ್ನೋ ಪೋಷಕವನ್ನೋ ಪರೀಕ್ಷಿಸಿ. ಮಣ್ಣಿನ ಹದ ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳ ಸಂದಿನಿಂದ ನೀರು ಬರಬಾರದು.

ಮೊದಲ ತಿಂಗಳುಗಳಲ್ಲಿ ಅಂಕಿ ಸರಸರ ಇಳಿದಾಗ ಹುಮ್ಮಸ್ಸು ಬರುತ್ತದೆ. ಆಮೇಲೆ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ, ಅಲ್ಲಿ ಮನಸ್ಸು ಕುಸಿಯುತ್ತದೆ. ಎಣ್ಣೆಯ ಹಗುರ ಇಂಗಾಲ ಸರಪಳಿಗಳು ಮುಗಿದು, ಭಾರದವು ಮತ್ತು ಜೇಡಿಯೊಳಗೆ ಅಡಗಿದವು ಉಳಿದಿರುತ್ತವೆ. ಈ ಹಂತದಲ್ಲಿ ಮಾರಾಟಕ್ಕೆ ಬರುವ ಸೂಕ್ಷ್ಮಾಣು ಪುಡಿಗಳಿಗೆ ದುಡ್ಡು ಸುರಿಯಬೇಡಿ. ಎಣ್ಣೆ ತಿನ್ನುವ ಸೂಕ್ಷ್ಮಾಣುಗಳು ಹಳೆಯ ಸೋರಿಕೆಯ ಮಣ್ಣಿನಲ್ಲಿ ಬಹುಮಟ್ಟಿಗೆ ಇದ್ದೇ ಇರುತ್ತವೆ. ಕೊರತೆ ಇರುವುದು ಅವಕ್ಕೆ ಎಣ್ಣೆ ಕೈಗೆಟುಕುವುದರಲ್ಲಿ. ರಾಶಿ ಬಿಚ್ಚಿ, ಹೆಂಟೆ ಒಡೆದು, ಮತ್ತೆ ಕಟ್ಟಿದ ಮೇಲೆ ಅಂಕಿ ಇನ್ನಷ್ಟು ಇಳಿಯಿತು. ಇನ್ನೊಂದು ತೊಡಕು: ಮಣ್ಣು ಹಗುರವಾಗಲೆಂದು ಕಾಂಪೋಸ್ಟ್ ಬೆರೆಸಿದರೆ ಅದರ ಸಹಜ ಸಾವಯವ ಅಂಶವನ್ನೂ ಲ್ಯಾಬಿನ ಯಂತ್ರ ಟಿಪಿಎಚ್ ಎಂದೇ ಎಣಿಸುತ್ತದೆ, ಅಂಕಿ ಏರಿದಂತೆ ಕಾಣುತ್ತದೆ. ಸಿಲಿಕಾ ಜೆಲ್‌ನಲ್ಲಿ ಹಾಯಿಸಿ ಅಳೆಯಿರೆಂದು ಕೇಳಿ. ಆದರೆ ಸೂಕ್ಷ್ಮಾಣುಗಳು ಅರೆಬರೆ ಜೀರ್ಣಿಸಿದ ಡೀಸೆಲ್ಲಿನ ಅಂಶಗಳೂ ಆ ಜೆಲ್ಲಿಗೆ ಅಂಟುತ್ತವೆ, ಹಾಗಾಗಿ ಎರಡೂ ಅಂಕಿಗಳನ್ನು ವರದಿಯಲ್ಲಿಡಬೇಕು.

ಕ್ರೋಮಿಯಂ ಮೂಲೆಯಲ್ಲಿ ಮದ್ದು ಫೆರಸ್ ಸಲ್ಫೇಟ್, ಅನ್ನಭೇದಿ. ಒಂದು ಕಿಲೋ ಕ್ರೋಮಿಯಂ-6 ಅನ್ನು ಕ್ರೋಮಿಯಂ-3 ಮಾಡಲು ಪ್ರತಿ ಘಟಕಕ್ಕೆ ಏಳು ನೀರಿನ ಅಣು ಸೇರಿದ ಹರಳು ರೂಪದ್ದು 16 ಕಿಲೋ ಬೇಕು. ಒಂದೇ ನೀರಿನ ಅಣು ಸೇರಿದ ಪುಡಿಯಾದರೆ 10 ಕಿಲೋ. ಚೀಲದ ಮೇಲೆ ಯಾವುದೆಂದು ಓದಿ. 50 ಟನ್ ಮಣ್ಣಿನಲ್ಲಿ ಕಿಲೋಗೆ 400 ಮಿಲಿಗ್ರಾಂ ಇದ್ದರೆ 20 ಕಿಲೋ ಕ್ರೋಮಿಯಂ-6, ಅದಕ್ಕೆ ಲೆಕ್ಕದ ಪ್ರಕಾರ 320 ಕಿಲೋ ಹರಳು. ಮಣ್ಣಿನ ಗಾಳಿಯೂ ಕ್ಷಾರವೂ ಅದನ್ನು ತಿಂದುಹಾಕುವುದರಿಂದ ವಾಸ್ತವದಲ್ಲಿ ಇದರ ಹಲವು ಪಟ್ಟು ಬೇಕಾಗುತ್ತದೆ. ಎಷ್ಟು ಪಟ್ಟು ಎಂಬುದನ್ನು ಅದೇ ಮಣ್ಣನ್ನು ಬಾಟಲಿಗಳಲ್ಲಿ ಹಾಕಿ ಬೇರೆ ಬೇರೆ ಪ್ರಮಾಣದಲ್ಲಿ ಪರೀಕ್ಷಿಸಿಯೇ ತಿಳಿಯಬೇಕು. ಹರಳು ತಿಳಿಹಸಿರಾಗಿರಬೇಕು, ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಕಬ್ಬಿಣ ಆಗಲೇ ಫೆರಿಕ್ ಆಗಿದೆ, ಕೆಲಸಕ್ಕೆ ಬಾರದು, ವಾಪಸ್ ಕಳಿಸಿ. ದ್ರಾವಣವನ್ನು ಅಂದಂದೇ ಕಲಸಿ ಅಂದೇ ಮುಗಿಸಿ. ಜೇಡಿ ನೆಲಕ್ಕೆ ಕೊಳವೆಯಿಂದ ಒತ್ತಿದ ದ್ರಾವಣ ಬಿರುಕುಗಳಲ್ಲಿ ಓಡಿಹೋಗುತ್ತದೆ, ಮಣ್ಣಿನ ಒಡಲಿಗೆ ಸೇರುವುದಿಲ್ಲ. ಹೆಂಟೆ ಒಡೆದು, ಚೆನ್ನಾಗಿ ತೋಯಿಸಿ, ಕಲಸಲೇಬೇಕು. ನಂತರ ಸುಣ್ಣ ಹಾಕಿ ಪಿಎಚ್ 7–8ಕ್ಕೆ ತನ್ನಿ, ಕ್ರೋಮಿಯಂ-3 ಕರಗದೆ ಕೂರುವುದು ಆಗಲೇ. ಸಲ್ಫೇಟ್ ಕಾಂಕ್ರೀಟನ್ನು ತಿನ್ನುವುದರಿಂದ ಅಡಿಪಾಯದ ಪಕ್ಕದಲ್ಲಿ ಎಂಜಿನಿಯರರನ್ನು ಕೇಳದೆ ಸುರಿಯಬೇಡಿ.

ಪರಿಶೀಲನೆಯ ವರದಿಯಲ್ಲಿ ಒಂದು ಗಾಬರಿ ಕಾದಿರುತ್ತದೆ. ಲ್ಯಾಬ್ ತನ್ನ ಅಳತೆ ಸರಿಯಿದೆಯೇ ಎಂದು ನೋಡಲು ಮಾದರಿಗೆ ತಾನೇ ಬೆರೆಸಿದ ಕ್ರೋಮಿಯಂ-6 ಅನ್ನು ಮತ್ತೆ ಅಳೆದಾಗ ಸಿಗಲಿಲ್ಲ ಎಂದು ಬರೆದು ಫಲಿತಾಂಶಕ್ಕೆ ಅನುಮಾನದ ಗುರುತು ಹಾಕುತ್ತದೆ. ಮಣ್ಣಿನಲ್ಲಿ ಉಳಿದ ಫೆರಸ್ ಅದನ್ನೂ ತಟಸ್ಥ ಮಾಡಿರುತ್ತದೆ, ಅಷ್ಟೇ. ಅದೇ ಮಾದರಿಯ ಪಿಎಚ್ ಮತ್ತು ಮಣ್ಣು ಕ್ರೋಮಿಯಂ-6 ಉಳಿಯಲು ಬಿಡುವಂಥದ್ದೋ ಅಲ್ಲವೋ ಎಂದು ತೋರಿಸುವ ರೆಡಾಕ್ಸ್ ಅಂಕಿಯನ್ನೂ ಅಳೆಸಿ ಜೊತೆಗಿಟ್ಟರೆ ಪರಿಶೀಲಿಸುವವರು ಒಪ್ಪುತ್ತಾರೆ. ಜೇಡಿ ಹೆಂಟೆಗಳ ಒಳಗಿನ ಕ್ರೋಮೇಟ್ ನಿಧಾನವಾಗಿ ಹೊರಬರುವುದರಿಂದ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾದರಿ ತೆಗೆಯಬೇಕು.

ಗುಂಡಿಯ ನಾಲ್ಕು ಗೋಡೆ ಮತ್ತು ತಳದಿಂದ ಬೇರೆ ಬೇರೆ ಮಾದರಿ ಬಂದು, ಎಲ್ಲವೂ ಗುರಿಗಿಂತ ಕೆಳಗಿದೆ ಎಂದು ಖಚಿತವಾಗುವವರೆಗೆ ತುಂಬಿಸಬೇಡಿ. ತೆರೆದ ಗುಂಡಿಗೆ ಬೇಲಿ, ಮಳೆನೀರು ಎತ್ತಿ ಸಂಗ್ರಹಿಸುವ ಪಂಪು ಅಷ್ಟು ಕಾಲವೂ ಬೇಕು. ಅಂದಾಜುಪಟ್ಟಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಖರ್ಚು ಇದು. ಹೊರಗಿನಿಂದ ತರುವ ಮಣ್ಣನ್ನೂ ಪರೀಕ್ಷಿಸಿಯೇ ಒಳಗೆ ಬಿಡಿ. ಕ್ರೋಮಿಯಂ ಕಟ್ಟಿಬಿದ್ದ ಪದರದ ಮೇಲೆ ಎದ್ದು ಕಾಣುವ ಬಣ್ಣದ ಬಟ್ಟೆಹಾಸು ಹಾಸಿ ಮಣ್ಣು ಮುಚ್ಚಲಾಗಿದೆ. ಮುಂದೆ ಯಾರು ಅಗೆದರೂ ಅಲ್ಲಿ ನಿಲ್ಲಬೇಕು. ಆ ಜಾಗದ ಅಳತೆ, ಆಳ, ಅಲ್ಲಿ ಪ್ರಬಲ ಆಮ್ಲ ಮತ್ತು ಉತ್ಕರ್ಷಕಗಳನ್ನು ಬಳಸಕೂಡದೆಂಬ ಷರತ್ತು ಇವನ್ನು ಜಮೀನಿನ ಕಾಗದಪತ್ರಕ್ಕೆ ಸೇರಿಸಿ. ಅಂತರ್ಜಲದ ಮೇಲೆ ಕಣ್ಣಿಡಲು ಕೊರೆದ ನಿಗಾ ಬಾವಿಗಳ ನೀರನ್ನು ಮಳೆಗಾಲದ ಕೊನೆಗೊಮ್ಮೆ, ಬೇಸಿಗೆಯ ಕೊನೆಗೊಮ್ಮೆ ಪರೀಕ್ಷಿಸುತ್ತಿರಬೇಕು. ನೀರು ಏರಿ ಹಳೆಯ ಎಣ್ಣೆ ಬಳಿದ ಪದರವನ್ನು ಮುಟ್ಟಿದಾಗ ಅಂಕಿ ಸ್ವಲ್ಪ ನೆಗೆಯುವುದುಂಟು. ಒಂದೇ ಅಂಕಿಗೆ ಹೆದರದೆ ಬಾವಿಯ ನೀರಿನ ಮಟ್ಟವನ್ನೂ ಪ್ರತಿ ಸಲ ಬರೆದಿಟ್ಟುಕೊಂಡು ಎರಡನ್ನೂ ಕೂಡಿಸಿ ಓದಿ.